ಜೀಪಿನ ಪಾವಟಿಗೆ ಮತ್ತು ಬೆಟ್ಟದ ಕಬ್ಬಿಣ

ಕಳೆದ ವರ್ಷ ರೋಹಿಣಿ ಮಳೆ ಹನಿಯತೊಡಗಿದ್ದ ದಿನಗಳು. ಗೊಬ್ಬರ ಮತ್ತು ಬಿತ್ತನೆ ಬೀಜ ತರಲೆಂದು ಘಟ್ಟದಂಚಿನ ನಮ್ಮೂರಿನಿಂದ ಶಿಗ್ಗಾಂವಿಗೆ ಹೊರಟಿದ್ದೆ. ನಮ್ಮ ಕಡೆ ಜೀಪೊಂದು ಪೇಟೆಗೆ ಹೊರಟಿತೆಂದರೆ ಅದು ಒಬ್ಬರ ಜೀಪಾಗಿ ಉಳಿಯುವುದಿಲ್ಲ. ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು, ಆಸ್ಪತ್ರೆಗೆ ಹೊರಟ ಒಬ್ಬ ಅಜ್ಜ ಅಂದೂ ಜೊತೆಗಿದ್ದರು. ಹುಡುಗಿಯರಲ್ಲೊಬ್ಬಳು ಹತ್ತಲೆಂದು ಬದಿಯ ಪಾವಟಿಗೆಯ ಮೇಲೆ ಕಾಲಿಟ್ಟೊಡನೆ ಅದು ಒಂದು ತುದಿಯಲ್ಲಿ ಕಳಚಿ ಕುಸಿಯಿತು. ಮುರಿದ ಕಬ್ಬಿಣದ ಅಂಚು ತಗುಲಿ ಆಕೆಯ ಕಾಲಿಗೆ ಗಾಯವಾಯಿತು. ಪೇಟೆ ತಲುಪಿ, ಗಾಯಕ್ಕೆ ಪಟ್ಟಿ ಕಟ್ಟಿಸಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದ ಮೇಲೆಯೇ ನಾನು ವೆಲ್ಡಿಂಗ್ ಅಂಗಡಿಯತ್ತ ತಿರುಗಿದ್ದು.

ಆ ಪಾವಟಿಗೆಗೆ, ಅಂದರೆ ಇಂದಿನ ವ್ಯಾಪಾರದ ಮಾತಿನಲ್ಲಿ ಸೈಡ್ ಸ್ಟೆಪ್ಪಿಗೆ, ಆಗ ವಯಸ್ಸು ಎರಡೇ ಮಳೆಗಾಲ. ಜೋಡಿಸಿಕೊಟ್ಟ ಅಂಗಡಿಯವರು ‘ಪೌಡರ್ ಕೋಟಿಂಗ್ ಆದ ಮಾಲು, ತುಕ್ಕಿನ ಮಾತೇ ಇಲ್ಲ’ ಎಂದಿದ್ದರು. ನಾನೂ ನಂಬಿದ್ದೆ. ಮುರಿದು ಬಿದ್ದ ದಿನವೂ ಅದರ ಕಪ್ಪು ಮೈ ಹೊಳೆಯುತ್ತಲೇ ಇತ್ತು. ಹೆದ್ದಾರಿಯ ಪಕ್ಕದ ವೆಲ್ಡಿಂಗ್ ಅಂಗಡಿಯ ಹಿರಿಯರು ಸುತ್ತಿಗೆಯಿಂದ ಅದನ್ನು ಎರಡು ಬಾರಿ ಮೆಲ್ಲಗೆ ತಟ್ಟಿದರು. ಹೊಳೆಯುವ ಲೇಪ ಅಂಗೈಯಗಲದ ಹಾಳೆಯಾಗಿ ಎದ್ದು ಬಂತು. ಅದರಡಿ ಕೆಂಪು ಪುಡಿ. ಕೊಳವೆಯನ್ನು ಓರೆ ಮಾಡಿದಾಗ ಒಳಗಿನಿಂದ ಕೆಸರು ಬೆರೆತ ಒಂದು ಬೊಗಸೆ ತುಕ್ಕು ಸುರಿಯಿತು.

“ಡಾಕ್ಟರ್ ಸಾಹೇಬ್ರ, ಮೈ ತೊಳೀಲಾರದ ಹೊಸ ಅಂಗಿ ತೊಡಿಸಿದ್ರ ಹುರುಕು ಹೋಗತೈತೇನ್ರೀ?” ಎಂದು ಅವರು ನಕ್ಕರು.

ಲೋಹರಕ್ಷಣೆಯ ಶಾಸ್ತ್ರವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಬಾರದು.

ಈ ಪುಟಗಳಲ್ಲಿ ಈ ಮಾತೇಕೆ?

ಕಾಡು, ನೀರು, ಮಣ್ಣಿನ ಬಗ್ಗೆ ಬರೆಯಬೇಕಾದ ಪತ್ರಿಕೆಯಲ್ಲಿ ವಾಹನದ ಬಿಡಿಭಾಗವೊಂದರ ಪ್ರಸ್ತಾಪವೇಕೆ ಎಂದು ಓದುಗರು ಕೇಳಬಹುದು. ಪಟ್ಟಣದ ಉಳ್ಳವರು ವಾರಾಂತ್ಯದಲ್ಲಿ ಬೆಟ್ಟ ಹತ್ತಿಸಲೆಂದು ಕೊಳ್ಳುವ ವಾಹನಗಳ ಅಲಂಕಾರ ನಮಗೇಕೆ ಎಂಬ ಪ್ರಶ್ನೆಯೂ ಸಹಜವೇ. ಆದರೆ ದುಂಡಸಿಯ ಕಾಡಂಚಿನಲ್ಲಾಗಲಿ, ಹಾನಗಲ್ಲಿನ ಪಶ್ಚಿಮದ ಊರುಗಳಲ್ಲಾಗಲಿ, ಅದರಾಚೆಯ ಮುಂಡಗೋಡು ಸೀಮೆಯಲ್ಲಾಗಲಿ, ನೆಲದಿಂದ ಎತ್ತರವಿರುವ ಇಂಥ ವಾಹನಗಳು ಶೋಕಿಗೆ ಬಂದವಲ್ಲ. ಬಸ್ಸು ಹೋಗದ ದಾರಿಯಲ್ಲಿ ಭತ್ತದ ಚೀಲ, ಮಾವಿನ ಬುಟ್ಟಿ, ಬಾಣಂತಿ, ಶಾಲೆಯ ಮಕ್ಕಳು ಎಲ್ಲರಿಗೂ ಅವೇ ಗತಿ. ವಯಸ್ಸಾದವರೂ ಸೀರೆಯುಟ್ಟ ಹೆಂಗಸರೂ ಅದನ್ನು ಹತ್ತಬೇಕಾದರೆ ಪಾವಟಿಗೆ ಬೇಕೇ ಬೇಕು. ಅದು ಮುರಿದರೆ ಬೀಳುವವರು ಅವರೇ.

ಇನ್ನೊಂದು ಕಾರಣವೂ ಇದೆ. ನಮ್ಮ ಹೊಲಮನೆಗಳಲ್ಲಿ ಇಂದು ಪುಡಿಲೇಪ ಹೊತ್ತು ಬರುವ ವಸ್ತು ಪಾವಟಿಗೆಯೊಂದೇ ಅಲ್ಲ. ಗೇಟು, ಕಿಟಕಿಯ ಸರಳು, ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಉಪಕರಣ, ಕಳೆ ಕತ್ತರಿಸುವ ಯಂತ್ರದ ಚೌಕಟ್ಟು ಎಲ್ಲವೂ ಅದೇ ಹೊಳಪಿನಲ್ಲಿ ಬರುತ್ತಿವೆ. ಹತ್ತಾರು ವರ್ಷ ಬಾಳಬೇಕಾದ ಕಬ್ಬಿಣ ಎರಡು ಮೂರು ಮಳೆಗಾಲಕ್ಕೆ ಗುಜರಿ ಸೇರಿದರೆ, ಆ ನಷ್ಟವನ್ನು ಕೊಂಡವನ ಜೇಬು ಮಾತ್ರ ಭರಿಸುವುದಿಲ್ಲ. ಎಲ್ಲೋ ಒಂದು ಗುಡ್ಡವೂ ಭರಿಸುತ್ತದೆ. ಬೆಟ್ಟವನ್ನು ಉಳಿಸಿ ಎಂದು ಘೋಷಣೆ ಕೂಗುವ ನಾವು, ಬೆಟ್ಟದಿಂದ ಬಂದ ಲೋಹವನ್ನು ಮನೆಯಂಗಳದಲ್ಲಿ ಕರಗಲು ಬಿಡುವುದು ಸರಿಯಲ್ಲವೆಂಬುದೇ ಈ ಲೇಖನದ ವಾದ.

ತುಕ್ಕು ಹಿಡಿಯುವ ಬಗೆ

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿಯ ಆಮ್ಲಜನಕ ಮತ್ತು ನೀರು ಎರಡೂ ಬೇಕು. ಮಳೆಯೇ ಸುರಿಯಬೇಕೆಂದಿಲ್ಲ, ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂರತೊಡಗುತ್ತದೆ. ಆ ನೀರಿನಲ್ಲಿ ಲವಣವೇನಾದರೂ ಕರಗಿದ್ದರೆ ತುಕ್ಕಿನ ವೇಗ ಹಲವು ಪಟ್ಟು ಏರುತ್ತದೆ. ಕರಾವಳಿಯಲ್ಲಿ ಕಬ್ಬಿಣ ಬೇಗ ಹಾಳಾಗುವುದು ಸಮುದ್ರದ ಉಪ್ಪಿನಿಂದ ಎಂಬುದನ್ನು ಎಲ್ಲರೂ ಬಲ್ಲರು.

ನಮ್ಮ ಸೀಮೆಗೆ ಸಮುದ್ರದ ಗಾಳಿ ಅಷ್ಟಾಗಿ ಬರುವುದಿಲ್ಲ. ಆದರೆ ಉಪ್ಪನ್ನು ನಾವೇ ಚೀಲದಲ್ಲಿ ತಂದುಕೊಳ್ಳುತ್ತೇವೆ. ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೆಂದರೆ ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್. ತೂಕದಲ್ಲಿ ಅದರ ಅರ್ಧಕ್ಕೆ ಸಮೀಪದಷ್ಟು ಭಾಗ ಕ್ಲೋರೈಡೇ. ಅಡುಗೆಯ ಉಪ್ಪು ಕಬ್ಬಿಣಕ್ಕೆ ಮಾಡುವ ಕೇಡನ್ನೇ ಅದೂ ಮಾಡುತ್ತದೆ. ಯೂರಿಯಾ ಮತ್ತು ಅಮೋನಿಯಂ ಗೊಬ್ಬರಗಳು ಗಾಳಿಯಿಂದ ತೇವ ಹೀರಿ ಒದ್ದೆಯಾಗುವುದನ್ನು ಪ್ರತಿಯೊಬ್ಬ ರೈತನೂ ಕಂಡಿದ್ದಾನೆ. ಹರಿದ ಚೀಲದಿಂದ ಸುರಿದ ಹಿಡಿಯಷ್ಟು ಗೊಬ್ಬರ ಪಾವಟಿಗೆಯ ಸಂದಿಯಲ್ಲಿ ಉಳಿದರೆ ಸಾಕು, ಸುತ್ತಲಿನ ಕಬ್ಬಿಣ ಬಿಸಿಲಿನ ದಿನವೂ ತೇವದಿಂದಿರುತ್ತದೆ. ಇದರ ಮೇಲೆ ಗದ್ದೆಯ ಕೆಸರು, ಸಗಣಿ, ದನದ ಗಂಜಲ. ಕೆಸರು ಒಣಗಿದಂತೆ ಕಂಡರೂ ಒಳಗೆ ತೇವವನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಚಕ್ರ ಎರಚುವ ನೀರು, ಕಲ್ಲು, ಮಣ್ಣೆಲ್ಲ ಮೊದಲು ಬಡಿಯುವುದು ಬದಿಯ ಪಾವಟಿಗೆಗೇ. ವಾಹನದ ಮೈಯಲ್ಲಿ ಅದಕ್ಕಿಂತ ಕಠಿಣ ಬಾಳು ಬಾಳುವ ಭಾಗಗಳು ಕೆಲವೇ.

ತುಕ್ಕಿನ ಇನ್ನೊಂದು ಗುಣವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕರಗಿಹೋದ ಕಬ್ಬಿಣಕ್ಕಿಂತ ಅದರಿಂದ ಹುಟ್ಟಿದ ತುಕ್ಕು ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ಲೇಪದ ಕೆಳಗೆ ಹುಟ್ಟಿದ ತುಕ್ಕು ಲೇಪವನ್ನು ಮೇಲಕ್ಕೆ ಎತ್ತುತ್ತದೆ. ಎತ್ತಿದ ಸಂದಿಗೆ ಮತ್ತಷ್ಟು ನೀರು ನುಗ್ಗುತ್ತದೆ. ಹೊರಗಿನಿಂದ ನೋಡುವವನಿಗೆ ಸಣ್ಣದೊಂದು ಗುಳ್ಳೆ ಕಂಡೀತು. ಅಷ್ಟರಲ್ಲಿ ಒಳಗೆ ತಗಡು ಅರ್ಧ ಸವೆದಿರುತ್ತದೆ.

ಪುಡಿಲೇಪದ ಗುಣ ಮತ್ತು ದೋಷ

ಪೌಡರ್ ಕೋಟಿಂಗನ್ನು ನಾನು ಸಾರಾಸಗಟಾಗಿ ಹಳಿಯುತ್ತಿಲ್ಲ. ಅದರ ವಿಧಾನ ಹೀಗಿದೆ. ಎಪಾಕ್ಸಿ ಅಥವಾ ಪಾಲಿಯೆಸ್ಟರ್ ರಾಳದ ನುಣ್ಣನೆಯ ಪುಡಿಗೆ ವಿದ್ಯುದಾವೇಶ ನೀಡಿ ಭೂಸಂಪರ್ಕವಿರುವ ಲೋಹದ ಮೇಲೆ ಸಿಂಪಡಿಸುತ್ತಾರೆ. ಪುಡಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಬಳಿಕ ಅದನ್ನು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನ ಒಲೆಯಲ್ಲಿ ಬೇಯಿಸಿದಾಗ ಪುಡಿ ಕರಗಿ, ಹರಡಿ, ಗಟ್ಟಿಯಾದ ಪೊರೆಯಾಗುತ್ತದೆ. ದ್ರವ ಬಣ್ಣದಂತೆ ಇದರಲ್ಲಿ ಥಿನ್ನರ್ ಆವಿಯಾಗಿ ಗಾಳಿ ಸೇರುವುದಿಲ್ಲ. ಕೆಳಗೆ ಬಿದ್ದ ಪುಡಿಯನ್ನು ಸಂಗ್ರಹಿಸಿ ಮತ್ತೆ ಬಳಸಬಹುದು. ಪರಿಸರದ ದೃಷ್ಟಿಯಿಂದ ಇವು ನಿಜವಾದ ಗುಣಗಳು. ಸರಿಯಾಗಿ ಮಾಡಿದ ಪುಡಿಲೇಪ ಅನೇಕ ವರ್ಷ ಬಾಳುತ್ತದೆಂಬುದೂ ನಿಜ.

ದೋಷವಿರುವುದು ಲೇಪಕ್ಕೆ ಮುಂಚಿನ ಕೆಲಸದಲ್ಲಿ. ಲೋಹದ ಮೇಲಿನ ಎಣ್ಣೆ ಜಿಡ್ಡನ್ನು ತೆಗೆಯಬೇಕು, ಹಳೆಯ ತುಕ್ಕನ್ನು ಆಮ್ಲದಿಂದಾಗಲಿ ಮರಳೆರಚಿಯಾಗಲಿ ಕಳೆಯಬೇಕು, ನೀರಿನಲ್ಲಿ ತೊಳೆಯಬೇಕು, ಆಮೇಲೆ ಫಾಸ್ಫೇಟ್ ದ್ರಾವಣದಲ್ಲಿ ಅದ್ದಿ ತೆಳುವಾದ ಹರಳಿನ ಪದರವೊಂದನ್ನು ಬೆಳೆಸಬೇಕು, ಮತ್ತೆ ತೊಳೆದು ಒಣಗಿಸಬೇಕು. ಕಾರ್ಖಾನೆಗಳಲ್ಲಿ ಇದಕ್ಕೆ ಏಳು ತೊಟ್ಟಿಗಳ ಪದ್ಧತಿ ಎನ್ನುತ್ತಾರೆ. ಲೇಪವನ್ನು ಲೋಹಕ್ಕೆ ಬೆಸೆಯುವುದು ಈ ಫಾಸ್ಫೇಟ್ ಪದರ. ಈ ತೊಟ್ಟಿಗಳಿಗೆ ಜಾಗ ಬೇಕು, ನೀರು ಬೇಕು, ಸಮಯ ಬೇಕು. ಅಗ್ಗದ ಮಾಲಿನಲ್ಲಿ ಮೊದಲು ಕೈಬಿಟ್ಟುಹೋಗುವುದು ಇದೇ. ಬಟ್ಟೆಯಿಂದ ಒರೆಸಿ ನೇರವಾಗಿ ಪುಡಿ ಹೊಡೆದರೂ ಒಲೆಯಿಂದ ಹೊರಬಂದ ವಸ್ತು ಅಷ್ಟೇ ಚೆಂದ ಹೊಳೆಯುತ್ತದೆ. ಅಂಗಡಿಯಲ್ಲಿ ನಿಂತ ಗಿರಾಕಿಗೆ ಎರಡರ ನಡುವಿನ ವ್ಯತ್ಯಾಸ ಕಾಣಲಾರದು.

ಪಾವಟಿಗೆಯಂಥ ವಸ್ತುವಿನಲ್ಲಿ ಲೇಪ ಸೋಲುವ ಜಾಗಗಳು ನಾಲ್ಕು.

ಮೊದಲನೆಯದು ಚೂಪಾದ ಅಂಚು. ಒಲೆಯಲ್ಲಿ ಕರಗಿದ ಪುಡಿ ಮೇಲ್ಮೈ ಎಳೆತದಿಂದ ಅಂಚಿನಿಂದ ಹಿಂದೆ ಸರಿಯುತ್ತದೆ. ಬಯಲಿನಲ್ಲಿ 60–80 ಮೈಕ್ರಾನ್ ದಪ್ಪವಿರುವ ಪೊರೆ ಅಂಚಿನಲ್ಲಿ ಅದರ ಅಲ್ಪ ಭಾಗದಷ್ಟೇ ಉಳಿಯುತ್ತದೆ. ಕತ್ತರಿಸಿದ ಅಂಚನ್ನು ಉರುಟಾಗಿ ಉಜ್ಜದೆ ಲೇಪ ಕೊಟ್ಟರೆ ತುಕ್ಕು ಅಲ್ಲಿಂದಲೇ ಹೊರಡುತ್ತದೆ.

ಎರಡನೆಯದು ಒಳಮೂಲೆ. ವಿದ್ಯುದಾವೇಶವಿರುವ ಪುಡಿ ಆಳವಾದ ಮೂಲೆಗೆ ಹೋಗಲೊಲ್ಲದೆ ಹೊರಗಿನ ಬದಿಗಳಲ್ಲೇ ಕೂರುತ್ತದೆ. ಕೊಳವೆಗೆ ಕಾಲುಪಟ್ಟಿ ಸೇರುವ ಮೂಲೆ, ವಾಹನಕ್ಕೆ ಬಿಗಿಯುವ ಹಿಡಿಕೆಯ ಹಿಂಬದಿ ಇಂಥ ಜಾಗಗಳು. ಕೆಸರು ಹೆಚ್ಚು ನಿಲ್ಲುವುದೂ ಅಲ್ಲಿಯೇ.

ಮೂರನೆಯದು ಬೆಸುಗೆ. ವೆಲ್ಡಿಂಗಿನ ಕಿಟ್ಟ ಮತ್ತು ಸಿಡಿದ ಹನಿಗಳನ್ನು ಕೆತ್ತಿ ತೆಗೆಯದೆ ಲೇಪ ಕೊಟ್ಟರೆ, ಕಿಟ್ಟ ಉದುರುವಾಗ ಲೇಪವನ್ನೂ ಕೊಂಡೊಯ್ಯುತ್ತದೆ. ಪಾವಟಿಗೆಯ ಭಾರವೆಲ್ಲ ಬೀಳುವುದು ಬೆಸುಗೆಯ ಮೇಲೆಯೇ ಎಂಬುದನ್ನು ಮರೆಯಬಾರದು.

ನಾಲ್ಕನೆಯದು, ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ಕೊಳವೆಯ ಒಡಲು. ಪುಡಿ ಅದರೊಳಗೆ ಹೋಗುವುದೇ ಇಲ್ಲ. ತುದಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿರುತ್ತಾರೆ. ಅದರ ಸಂದಿಯಿಂದಲೂ ಬೋಲ್ಟಿನ ತೂತಿನಿಂದಲೂ ನೀರು ಒಳಸೇರುತ್ತದೆ. ಹೊರಹೋಗಲು ಕೆಳಗೆ ತೂತಿಲ್ಲದಿದ್ದರೆ ಮಳೆಗಾಲದುದ್ದಕ್ಕೂ ಅಲ್ಲೇ ನಿಲ್ಲುತ್ತದೆ. ನನ್ನ ಜೀಪಿನ ಪಾವಟಿಗೆ ಸತ್ತದ್ದು ಹೀಗೆ. ಹೊರಗಿನ ಹೊಳಪು ಕೊನೆಯ ದಿನದವರೆಗೂ ಒಳಗಿನ ಸ್ಥಿತಿಯನ್ನು ಮುಚ್ಚಿಟ್ಟಿತು. ಬಣ್ಣವಿಲ್ಲದ ಕಬ್ಬಿಣವಾಗಿದ್ದರೆ ಕೆಂಪಾದದ್ದನ್ನು ಕಂಡು ಎಚ್ಚರಗೊಳ್ಳುತ್ತಿದ್ದೆವು.

ಇವೆಲ್ಲದರ ಮೇಲೆ, ಹಾರಿ ಬಡಿಯುವ ಜಲ್ಲಿಯಿಂದ ಲೇಪ ಚಕ್ಕೆ ಎದ್ದರೆ ಅದನ್ನು ಅದೇ ರೀತಿಯಲ್ಲಿ ಮನೆಯಲ್ಲಿ ದುರಸ್ತಿ ಮಾಡಲಾಗದು. ಬೇಯಿಸಿದ ಪೊರೆ ಮತ್ತೆ ಕರಗುವುದಿಲ್ಲ. ಪೂರ್ತಿ ಕಿತ್ತು ಹೊಸದಾಗಿ ಮಾಡಿಸಬೇಕು, ಇಲ್ಲವೇ ಸಾಧಾರಣ ಬಣ್ಣದಿಂದ ತೇಪೆ ಹಾಕಬೇಕು. ತೇಪೆ ಕುರೂಪವೆಂದು ಬಹುಮಂದಿ ಅದನ್ನೂ ಮಾಡುವುದಿಲ್ಲ.

ಜಾಹೀರಾತಿನ ಗಂಟೆಗಳು

ಇಂಥ ವಸ್ತುಗಳ ಜಾಹೀರಾತಿನಲ್ಲಿ ‘500 ಗಂಟೆ ಉಪ್ಪುನೀರಿನ ಪರೀಕ್ಷೆ’, ‘1000 ಗಂಟೆ ಪರೀಕ್ಷೆ’ ಎಂಬ ಮಾತುಗಳಿರುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಶೇಕಡಾ 5ರ ಉಪ್ಪುನೀರಿನ ಮಂಜನ್ನು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಡೆಬಿಡದೆ ಸಿಂಪಡಿಸುವ ಪರೀಕ್ಷೆ ಅದು. ಒಂದೇ ಕಾರ್ಖಾನೆಯ ಈ ತಿಂಗಳ ಮಾಲಿಗೂ ಮುಂದಿನ ತಿಂಗಳ ಮಾಲಿಗೂ ಇರುವ ವ್ಯತ್ಯಾಸ ಹಿಡಿಯಲು ಅದು ಉಪಯುಕ್ತ. ಆದರೆ ಇಷ್ಟು ಗಂಟೆಯೆಂದರೆ ಹೊಲದಲ್ಲಿ ಇಷ್ಟು ವರ್ಷವೆಂದು ಲೆಕ್ಕ ಹಾಕಲು ಬರುವುದಿಲ್ಲ. ಪೆಟ್ಟಿಗೆಯೊಳಗೆ ಬಿಸಿಲಿಲ್ಲ, ಜಲ್ಲಿ ಬಡಿಯುವುದಿಲ್ಲ, ನೆನೆದು ಒಣಗಿ ಮತ್ತೆ ನೆನೆಯುವ ಸರದಿಯಿಲ್ಲ, ಕಾಲಿಟ್ಟು ಹತ್ತುವವರೂ ಇಲ್ಲ. ಪರೀಕ್ಷೆಗೆ ಇಟ್ಟದ್ದು ಪೂರ್ತಿ ಪಾವಟಿಗೆಯೋ, ಅಂಚು ಬೆಸುಗೆಗಳಿಲ್ಲದ ಚಪ್ಪಟೆ ತಗಡಿನ ತುಂಡೋ ಎಂಬುದನ್ನೂ ಕೇಳಬೇಕು.

ಹಳ್ಳೂರಿನಿಂದ ಕೊಡಚಾದ್ರಿಗೆ

ಕಬ್ಬಿಣ ನಮ್ಮ ಸೀಮೆಗೆ ಹೊಸದಲ್ಲ. ಹಿರೇಕೆರೂರು ಭಾಗದ ತುಂಗಭದ್ರೆಯ ದಡದಲ್ಲಿ ಹಳ್ಳೂರು ಎಂಬ ಊರಿದೆ. 1965ರಲ್ಲಿ ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ನಡೆಸಿದಾಗ ನವಶಿಲಾಯುಗದ ನೆಲೆಯ ಮೇಲೆ ಕಬ್ಬಿಣದ ಆಯುಧಗಳು ದೊರೆತವು. ಅವುಗಳ ಕಾಲ ಕ್ರಿ.ಪೂ. 1000ದ ಆಸುಪಾಸು ಎಂದು ತಿಳಿದುಬಂತು. ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆಯ ಪ್ರಾಚೀನತೆಯನ್ನು ಚರ್ಚಿಸುವ ವಿದ್ವಾಂಸರೆಲ್ಲ ಹಳ್ಳೂರನ್ನು ಹೆಸರಿಸುತ್ತಾರೆ. ಮೂರು ಸಾವಿರ ವರ್ಷ ಕಬ್ಬಿಣದೊಡನೆ ಬಾಳಿದ ನೆಲ ನಮ್ಮದು. ರಂಟೆಯ ಕುಳ, ಕುಂಟೆಯ ಕುಡ, ಕುಡಗೋಲುಗಳನ್ನು ಹಂಗಾಮು ಮುಗಿದೊಡನೆ ತೊಳೆದು, ಒರೆಸಿ, ಎಣ್ಣೆ ಸವರಿ ಅಟ್ಟಕ್ಕೇರಿಸುತ್ತಿದ್ದ ಅಜ್ಜಂದಿರನ್ನು ನನ್ನ ವಯಸ್ಸಿನವರು ಕಂಡಿದ್ದೇವೆ. ಒಂದು ಕುಳ ಸವೆದರೆ ಕಮ್ಮಾರನ ಕುಲುಮೆಗೆ ಹೋಗಿ, ತುದಿ ಬಡಿಸಿಕೊಂಡು ಮತ್ತೆ ಹೊಲಕ್ಕೆ ಬರುತ್ತಿತ್ತು.

ಘಟ್ಟದ ಮೇಲಿನ ಉದಾಹರಣೆಯೊಂದು ಇನ್ನೂ ದೊಡ್ಡದು. ಹೊಸನಗರ ತಾಲೂಕಿನ ಕೊಡಚಾದ್ರಿ 1343 ಮೀಟರ್ ಎತ್ತರದ ಬೆಟ್ಟ. ಕೊಲ್ಲೂರು, ನಿಟ್ಟೂರಿನ ಕಡೆಯಿಂದ ಯಾತ್ರಿಕರನ್ನು ಹೊತ್ತ ಜೀಪುಗಳು ಕಲ್ಲು ಕೊರಕಲಿನ ದಾರಿಯಲ್ಲಿ ಅದನ್ನು ಏರುತ್ತವೆ. ಅಲ್ಲಿಯ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಸುಮಾರು 40 ಅಡಿಯ ಕಬ್ಬಿಣದ ಕಂಬವೊಂದಿದೆ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲವದು ಎಂಬುದು ಭಕ್ತರ ನಂಬಿಕೆ. ಲೋಹವಿಜ್ಞಾನಿ ಟಿ.ಆರ್. ಅನಂತರಾಮನ್ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದು ದೇಶದ ಗಮನ ಸೆಳೆದರು. ನಾಡಿನ ಅತಿ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ, ಯಾವ ಬಣ್ಣದ ಹೊದಿಕೆಯೂ ಇಲ್ಲದೆ ಆ ಕಂಬ ತಲೆಮಾರುಗಳಿಂದ ನಿಂತಿದೆ. ಅದರ ಬುಡಕ್ಕೆ ಬಂದು ನಿಲ್ಲುವ ಜೀಪುಗಳಲ್ಲಿ ತುಕ್ಕು ಹಿಡಿಯದ ಪಾವಟಿಗೆಯುಳ್ಳವು ಎಷ್ಟಿವೆಯೆಂದು ಮುಂದಿನ ಸಲ ಹೋದಾಗ ನೋಡಿರಿ.

ದೆಹಲಿಯ ಕಬ್ಬಿಣದ ಕಂಬದ ಬಗ್ಗೆ ಹೆಚ್ಚಿನ ಸಂಶೋಧನೆ ನಡೆದಿದೆ. ಆ ಕಬ್ಬಿಣದಲ್ಲಿ ರಂಜಕದ ಅಂಶ ಇಂದಿನ ಉಕ್ಕಿನಲ್ಲಿರುವುದಕ್ಕಿಂತ ಬಹಳ ಹೆಚ್ಚು. ಕಾನ್ಪುರದ ಐಐಟಿಯ ಆರ್. ಬಾಲಸುಬ್ರಮಣಿಯಂ ತೋರಿಸಿಕೊಟ್ಟಂತೆ, ಆ ರಂಜಕವೇ ಕಾಲಕ್ರಮದಲ್ಲಿ ಮೇಲ್ಮೈಯಲ್ಲಿ ಫಾಸ್ಫೇಟಿನ ತೆಳು ಪೊರೆಯಾಗಿ ಒಳಗಿನ ಲೋಹವನ್ನು ಕಾಯುತ್ತದೆ. ಇಂದಿನ ಕಾರ್ಖಾನೆಯ ಫಾಸ್ಫೇಟ್ ತೊಟ್ಟಿ ಮಾಡುವುದೂ ಇದಕ್ಕೆ ಹತ್ತಿರದ ಕೆಲಸವನ್ನೇ. ಹಳೆಯದೆಲ್ಲ ಶ್ರೇಷ್ಠ, ಹೊಸದೆಲ್ಲ ಕಳಪೆ ಎಂದು ಇದರ ಅರ್ಥವಲ್ಲ. ಇಂದಿನ ತೆಳು ಉಕ್ಕಿನಲ್ಲಿ ರಂಜಕವಿಲ್ಲ, ದಪ್ಪವಿಲ್ಲ. ಆದುದರಿಂದ ಅದಕ್ಕೆ ಹೊರಗಿನಿಂದ ರಕ್ಷಣೆ ಕೊಡುವುದು ಅನಿವಾರ್ಯ. ಆ ರಕ್ಷಣೆಯ ಮುಖ್ಯ ಹಂತವನ್ನೇ ಉಳಿತಾಯದ ಹೆಸರಿನಲ್ಲಿ ಬಿಟ್ಟರೆ ಉಳಿಯುವುದು ಬರಿಯ ಬಣ್ಣ. ಕೊಡಚಾದ್ರಿಯ ಕಂಬದಲ್ಲಿ ನೀರು ನಿಲ್ಲುವ ಟೊಳ್ಳಿಲ್ಲ ಎಂಬುದನ್ನೂ ಪಾವಟಿಗೆ ಮಾಡುವವರು ಗಮನಿಸಬಹುದು. ಮಳೆ ಅದನ್ನು ತೊಳೆದು ಇಳಿದುಹೋಗುತ್ತದೆ, ಬಿಸಿಲು ಒಣಗಿಸುತ್ತದೆ.

ಅದಿರಿನ ಲೆಕ್ಕ

ಒಂದು ಟನ್ ಉಕ್ಕು ತಯಾರಿಸಲು ಸುಮಾರು ಒಂದೂವರೆ ಟನ್ ಕಬ್ಬಿಣದ ಅದಿರು ಬೇಕು. ಜೊತೆಗೆ ಕಲ್ಲಿದ್ದಲು, ಸುಣ್ಣಕಲ್ಲು, ನೀರು. ಆ ಒಂದು ಟನ್ನಿನ ಹಿಂದೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರುತ್ತದೆ. ನನ್ನ ಹಳೆಯ ಪಾವಟಿಗೆಗಳ ಜೋಡಿಯನ್ನು ಗುಜರಿಯವರ ತಕ್ಕಡಿಯಲ್ಲಿ ತೂಗಿದಾಗ 22 ಕಿಲೊ ಬಂತು. ಹಾಗಾದರೆ ಮೂವತ್ತಕ್ಕೂ ಹೆಚ್ಚು ಕಿಲೊ ಅದಿರು ಎರಡು ಮಳೆಗಾಲಕ್ಕೆ ಮುಗಿದಂತಾಯಿತು. ಒಂದು ಜೀಪಿನ ಲೆಕ್ಕ ಸಣ್ಣದು. ಒಂದು ಜಿಲ್ಲೆಯ ಗೇಟು, ಟ್ರೈಲರು, ಉಪಕರಣ, ವಾಹನಗಳ ಲೆಕ್ಕ ಸಣ್ಣದಲ್ಲ.

ಅದಿರು ಎಲ್ಲಿಂದ ಬರುತ್ತದೆಂಬುದು ಕನ್ನಡಿಗರಿಗೆ ಹೇಳಬೇಕಾದ ವಿಷಯವಲ್ಲ. ಕುದುರೆಮುಖದಲ್ಲಿ ಭದ್ರೆಯ ನೆತ್ತಿಯ ಮೇಲೆ ನಡೆದ ಗಣಿಗಾರಿಕೆ ಹೊಳೆಯ ನೀರನ್ನು ಕೆಂಪಾಗಿಸಿದ್ದನ್ನು, ಲಕ್ಯಾ ಕಣಿವೆ ಗಣಿಯ ಹೂಳಿನಿಂದ ತುಂಬಿದ್ದನ್ನು ನಾವು ಕಂಡಿದ್ದೇವೆ. ಜನರ ಹೋರಾಟದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ನೀಡಿದ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಬಳ್ಳಾರಿಯಲ್ಲಿ ಗುಡ್ಡಗಳೇ ಕಾಣೆಯಾದ ಮೇಲೆ, ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಅದೇ ನ್ಯಾಯಾಲಯ 2011ರ ಜುಲೈನಲ್ಲಿ ಅಲ್ಲಿಯ ಗಣಿಗಳನ್ನು ನಿಲ್ಲಿಸಿತು. ಮುಂದೆ ಷರತ್ತುಗಳೊಡನೆ ಗಣಿಗಾರಿಕೆ ಮತ್ತೆ ಆರಂಭವಾಯಿತು. ಗಣಿಯನ್ನು ನ್ಯಾಯಾಲಯ ನಿಲ್ಲಿಸಬಲ್ಲದು. ಕಬ್ಬಿಣದ ಬೇಡಿಕೆಯನ್ನು ತಗ್ಗಿಸುವ ಕೆಲಸ ಮಾತ್ರ ಬಳಸುವವರದೇ.

ಉಕ್ಕನ್ನು ಕರಗಿಸಿ ಮತ್ತೆ ಬಳಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಗುಜರಿಗೆ ಹೋದ ಲೋಹದ ಮಟ್ಟಿಗೆ ಅದು ನಿಜ. ಆದರೆ ತುಕ್ಕಾಗಿ ಉದುರಿದ ಭಾಗ ಗುಜರಿಯ ತಕ್ಕಡಿಗೆ ಬರುವುದೇ ಇಲ್ಲ. ತುಕ್ಕೆಂದರೆ ಮತ್ತೆ ಅದಿರಿನಂಥದೇ ವಸ್ತು, ಕಬ್ಬಿಣದ ಆಕ್ಸೈಡು. ಬೆಟ್ಟದಲ್ಲಿ ಒಂದೆಡೆ ಇದ್ದುದು ಈಗ ರಸ್ತೆಯುದ್ದಕ್ಕೂ ಚೆಲ್ಲಿರುತ್ತದೆ; ಬಳಿದು ತರುವವರು ಯಾರೂ ಇಲ್ಲ. 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಲೋಹಕ್ಷಯದಿಂದ ಆಗುವ ನಷ್ಟವನ್ನು ಜಗತ್ತಿನ ಒಟ್ಟು ಉತ್ಪನ್ನದ ಶೇಕಡಾ 3.4 ಎಂದು ಅಂದಾಜಿಸಿತು. ಈಗಾಗಲೇ ಗೊತ್ತಿರುವ ಕ್ರಮಗಳಿಂದಲೇ ಅದರಲ್ಲಿ ಶೇಕಡಾ 15ರಿಂದ 35ರಷ್ಟನ್ನು ತಪ್ಪಿಸಬಹುದೆಂದೂ ಅದು ಹೇಳಿತು.

ಆಕ್ಷೇಪಗಳು

ಒಳ್ಳೆಯ ಕೆಲಸಕ್ಕೆ ಹೆಚ್ಚು ಹಣ ಬೇಕು, ಬಡವನಿಗೆ ಅದು ನಿಲುಕದು ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯವಿದೆ. ಆದರೆ ಮೂರು ವರ್ಷಕ್ಕೊಮ್ಮೆ ಹೊಸದು ಕೊಳ್ಳುವುದು ಬಡವನಿಗೆ ಇನ್ನೂ ದುಬಾರಿ. ಮೊದಲ ಬೆಲೆಯನ್ನಷ್ಟೇ ನೋಡುವಂತೆ ವ್ಯಾಪಾರ ನಮ್ಮನ್ನು ಅಭ್ಯಾಸ ಮಾಡಿಸಿದೆ.

ಎರಡನೆಯ ಆಕ್ಷೇಪ ನಮ್ಮವರಿಂದಲೇ ಬರಬೇಕಾದದ್ದು. ಫಾಸ್ಫೇಟ್ ಮತ್ತು ಆಮ್ಲದ ತೊಟ್ಟಿಗಳನ್ನು ಎಲ್ಲ ಅಂಗಡಿಗಳೂ ಇಟ್ಟರೆ ಆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಚರಂಡಿಗೆ ಬಿಟ್ಟರೆ ಅದು ಕೆರೆ ಸೇರುತ್ತದೆ. ಫಾಸ್ಫೇಟ್ ಸೇರಿದ ಕೆರೆಯಲ್ಲಿ ಪಾಚಿ, ಅಂತರಗಂಗೆ ಹಬ್ಬುತ್ತವೆ. ಆಮ್ಲ ಮತ್ತು ಸತು ಮೀನಿಗೆ ಮಾರಕ. ನನ್ನ ಜೀಪು ಬಾಳಲೆಂದು ಊರ ಕೆರೆ ಸಾಯುವುದನ್ನು ಒಪ್ಪಲಾಗದು. ಆದ್ದರಿಂದ ಒಳ್ಳೆಯ ಲೇಪ ಕೇಳುವ ಹಕ್ಕಿನೊಡನೆ, ಆ ನೀರನ್ನು ಸುಣ್ಣದಿಂದ ತಟಸ್ಥಗೊಳಿಸಿ, ಹೂಳನ್ನು ಬೇರ್ಪಡಿಸಿದ ಬಳಿಕವೇ ಹೊರಬಿಡಬೇಕೆಂಬ ಒತ್ತಾಯವೂ ನಮ್ಮದಾಗಬೇಕು. ಇಂಥ ಕೆಲಸ ಊರೂರಿನ ಹಿತ್ತಿಲಿನಲ್ಲಿ ಗುಟ್ಟಾಗಿ ನಡೆಯುವುದಕ್ಕಿಂತ, ನೀರು ಶುದ್ಧೀಕರಿಸುವ ಏರ್ಪಾಡಿರುವ ಕೈಗಾರಿಕಾ ಪ್ರದೇಶದಲ್ಲಿ ಒಟ್ಟಾಗಿ ನಡೆಯುವುದು ಮೇಲು.

ಮೂರನೆಯದು, ಹಳೆಯ ಎಂಜಿನ್ ಆಯಿಲ್ ಬಳಿದರೆ ಸಾಲದೇ ಎಂಬ ಮಾತು. ಮಳೆಗಾಲಕ್ಕೆ ಮೊದಲು ವಾಹನದ ಅಡಿಗೆ ಸುಟ್ಟ ಎಣ್ಣೆ ಬಳಿಯುವ ರೂಢಿ ಘಟ್ಟದಲ್ಲಿ ವ್ಯಾಪಕವಾಗಿದೆ. ತುಕ್ಕನ್ನು ಅದು ಕೆಲಕಾಲ ತಡೆಯುವುದೂ ಹೌದು. ಆದರೆ ಸವೆದ ಲೋಹ ಮತ್ತು ಸುಟ್ಟ ವಿಷವಸ್ತುಗಳನ್ನು ಹೊತ್ತ ಆ ಎಣ್ಣೆ ಮೊದಲ ಜಡಿಮಳೆಗೇ ತೊಳೆದು ಹಳ್ಳ ಸೇರುತ್ತದೆ. ಘಟ್ಟದ ಹಳ್ಳವೆಂದರೆ ಕೆಳಗಿನ ಊರಿನ ಕುಡಿಯುವ ನೀರು. ಈ ರೂಢಿಯನ್ನು ನಾವು ಬಿಡಬೇಕು.

ಮಾಡಬಹುದಾದ್ದು

ಮೊದಲಾಗಿ, ವಾಹನಕ್ಕೆ ಪಾವಟಿಗೆ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳಿರಿ. ಅಂದಕ್ಕಾಗಿ ಹಾಕಿಸುವುದಾದರೆ ಬೇಡ.

ಬೇಕಾದರೆ, ಕೊಳ್ಳುವಾಗ ಅಂಗಡಿಯವರನ್ನು ನಾಲ್ಕು ಪ್ರಶ್ನೆ ಕೇಳಿರಿ. ಲೇಪಕ್ಕೆ ಮುನ್ನ ಫಾಸ್ಫೇಟ್ ಮಾಡಲಾಗಿದೆಯೇ? ಅದನ್ನು ಬಿಲ್ಲಿನಲ್ಲಿ ಬರೆದುಕೊಡುವಿರಾ? ಕೊಳವೆಯ ಕೆಳಗೆ ನೀರು ಇಳಿಯುವ ತೂತಿದೆಯೇ? ಅಂಚುಗಳನ್ನು ಉಜ್ಜಲಾಗಿದೆಯೇ? ಕೊನೆಯ ಎರಡಕ್ಕೆ ಉತ್ತರವನ್ನು ನಿಮ್ಮ ಬೆರಳೇ ಹೇಳುತ್ತದೆ. ಹತ್ತು ಗಿರಾಕಿಗಳು ಹೀಗೆ ಕೇಳತೊಡಗಿದರೆ ಅಂಗಡಿಯವರು ಕಾರ್ಖಾನೆಯನ್ನು ಕೇಳುತ್ತಾರೆ.

ಸಾಧ್ಯವಿದ್ದರೆ ಕರಗಿದ ಸತುವಿನಲ್ಲಿ ಅದ್ದಿದ, ಅಂದರೆ ಗ್ಯಾಲ್ವನೈಸ್ ಮಾಡಿದ ವಸ್ತುವನ್ನು ಆರಿಸಿರಿ. ಸುಮಾರು 450 ಡಿಗ್ರಿ ಕಾವಿನ ಸತುವಿನಲ್ಲಿ ಮುಳುಗಿದ ಕೊಳವೆಗೆ ಹೊರಗಿನಂತೆ ಒಳಗೂ ಲೇಪ ಸಿಗುತ್ತದೆ. ಗೀರು ಬಿದ್ದರೂ ಸುತ್ತಲಿನ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಅದು ಹೊಳೆಯದೆ ಬೂದಿ ಬಣ್ಣವಾಗಿ ಕಾಣುತ್ತದೆ, ಅಷ್ಟೆ.

ಈಗಾಗಲೇ ಪುಡಿಲೇಪದ ಪಾವಟಿಗೆ ಇರುವವರು ವರ್ಷಕ್ಕೆ ಎರಡು ಸಲ, ರೋಹಿಣಿ ಮಳೆಗೆ ಮುನ್ನ ಮತ್ತು ದೀಪಾವಳಿಯ ಬಳಿಕ, ಒಂದು ಗಂಟೆ ಮೀಸಲಿಡಲಿ. ಕೆಸರನ್ನು ಪೂರ್ತಿ ತೊಳೆಯಬೇಕು. ಗೊಬ್ಬರ ಸಾಗಿಸಿದ ದಿನವಂತೂ ತಪ್ಪದೆ ತೊಳೆಯಬೇಕು. ಕೊಳವೆಯ ತಗ್ಗಾದ ಬದಿಯಲ್ಲಿ, ಬೆಸುಗೆಯಿಂದ ದೂರಕ್ಕೆ, ಸಣ್ಣ ತೂತು ಕೊರೆಸಬೇಕು. ಗುಳ್ಳೆ ಎದ್ದಲ್ಲಿ ಸಡಿಲ ಲೇಪವನ್ನು ಕೆತ್ತಿ, ಹೊಳೆಯುವ ಲೋಹ ಕಾಣುವವರೆಗೆ ತಂತಿ ಬ್ರಷ್ಷಿನಿಂದ ಉಜ್ಜಿ, ಸತುವಿನ ಪ್ರೈಮರ್ ಬಳಿದು, ಮೇಲೆ ಬಣ್ಣ ಹಚ್ಚಬೇಕು. ತೇಪೆ ಕಂಡರೆ ನಾಚಿಕೆಯಿಲ್ಲ. ಬೆಸುಗೆಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಲೋಹ ಕಣ್ಣೆನ್ನುತ್ತದೆ, ತಿಂದುಹೋದದ್ದು ಮಂದ ದನಿ ಕೊಡುತ್ತದೆ.

ವಿದ್ಯಾರ್ಥಿಗಳಿಗೆ ಎರಡು ಕೆಲಸ ಸೂಚಿಸುತ್ತೇನೆ. ಲೇಪ ಲೋಹಕ್ಕೆ ಎಷ್ಟು ಅಂಟಿದೆಯೆಂದು ತಿಳಿಯಲು ಮರೆಯಾದ ಜಾಗದಲ್ಲಿ ಹರಿತ ಬ್ಲೇಡಿನಿಂದ ಎರಡು ಮಿಲಿಮೀಟರ್ ಅಂತರದಲ್ಲಿ ಆರು ಉದ್ದ, ಆರು ಅಡ್ಡ ಗೀರುಗಳನ್ನು ಲೋಹ ಮುಟ್ಟುವಂತೆ ಎಳೆಯಿರಿ. 25 ಚೌಕಗಳಾಗುತ್ತವೆ. ಅವುಗಳ ಮೇಲೆ ಅಂಟುಪಟ್ಟಿ ಒತ್ತಿ ಕಿತ್ತಾಗ ಎಷ್ಟು ಚೌಕ ಎದ್ದು ಬಂದವೆಂದು ಎಣಿಸಿರಿ. ಪ್ರಯೋಗಾಲಯಗಳಲ್ಲಿ ಬಳಸುವ ಪರೀಕ್ಷೆಯೇ ಇದು. ಮುಗಿದ ಮೇಲೆ ಆ ಜಾಗಕ್ಕೆ ಬಣ್ಣ ಹಚ್ಚುವುದನ್ನು ಮರೆಯಬೇಡಿ. ಎರಡನೆಯದು, ಒಂದೇ ತಗಡಿನ ಮೂರು ತುಂಡು ತೆಗೆದುಕೊಳ್ಳಿರಿ. ಒಂದಕ್ಕೆ ತುಕ್ಕಿನ ಮೇಲೆಯೇ ಬಣ್ಣ ಬಳಿಯಿರಿ, ಎರಡನೆಯದನ್ನು ಉಜ್ಜಿ ತೊಳೆದು ಬಳಿಯಿರಿ, ಮೂರನೆಯದಕ್ಕೆ ಉಜ್ಜಿ ತೊಳೆದು ಪ್ರೈಮರ್ ಕೊಟ್ಟು ಬಳಿಯಿರಿ. ಮೂರಕ್ಕೂ ಒಂದೊಂದು ಗೀರೆಳೆದು ಕೊಟ್ಟಿಗೆಯ ಇಳಿಜಾರಿನ ಕೆಳಗೆ ಒಂದು ಮಳೆಗಾಲ ತೂಗುಹಾಕಿರಿ. ದೀಪಾವಳಿಗೆ ಇಳಿಸಿ ನೋಡಿದಾಗ ಕಂಡದ್ದನ್ನು ಈ ಪತ್ರಿಕೆಗೆ ಬರೆಯಿರಿ.

ಶಿಗ್ಗಾಂವಿನ ಆ ಹಿರಿಯರಿಂದಲೇ ನಾನು ಹೊಸ ಪಾವಟಿಗೆ ಮಾಡಿಸಿಕೊಂಡೆ. ಕೊಳವೆ ಬೇಡವೆಂದು ಅವರೇ ಹೇಳಿದರು. ದಪ್ಪ ಪಟ್ಟಿಗಳ, ನೀರು ನಿಲ್ಲದ ಜಾಲರಿಯಂಥ ಮೆಟ್ಟಿಲು; ಅಂಚುಗಳನ್ನು ಉಜ್ಜಿ, ಬೆಸುಗೆಯ ಕಿಟ್ಟ ಕೆತ್ತಿ, ಸತುವಿನ ಪ್ರೈಮರಿನ ಮೇಲೆ ಸಾಧಾರಣ ಕಪ್ಪು ಬಣ್ಣ. ಒಂದು ಮಳೆಗಾಲ ಕಳೆದಿದೆ. ಎರಡು ಕಡೆ ಜಲ್ಲಿ ಬಡಿದು ಚಕ್ಕೆ ಎದ್ದಿತ್ತು. ಒಂದು ಭಾನುವಾರ ಕುಳಿತು ತೇಪೆ ಹಾಕಿದೆ. ಕಾಲಿಗೆ ಪೆಟ್ಟಾಗಿದ್ದ ಹುಡುಗಿ ಈಗಲೂ ನಮ್ಮ ಜೀಪಿನಲ್ಲೇ ಕಾಲೇಜಿಗೆ ಬರುತ್ತಾಳೆ. ಹತ್ತುವ ಮುನ್ನ ಪಾವಟಿಗೆಯನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡುತ್ತಾಳೆ. ಅವಳ ಆ ಅನುಮಾನ ತಪ್ಪೆಂದು ನಾನು ಹೇಳಲಾರೆ. ನಾವೆಲ್ಲರೂ ಕೊಳ್ಳುವ ಮುನ್ನವೇ ಹಾಗೆ ಒತ್ತಿ ನೋಡುವುದನ್ನು ಕಲಿಯಬೇಕಾಗಿದೆ.